‘ಧೂಳಿನ ಕೆಮ್ಮು ಬಿಡು’ ಅನ್ನುವ ಮೊದಲು: ಟಿಬಿ ಬಗ್ಗೆ ನಾವು ನಂಬಿದ್ದೇನು, ನಿಜವೇನು?

ನಮ್ಮ ಕಡೆ ಕೆಮ್ಮಿಗೆ ಕಾರಣ ಹೇಳಲು ಡಾಕ್ಟರೇ ಬೇಕಿಲ್ಲ. ಸಂಡೂರಿನವರಾದರೆ ಅದಿರು ಲಾರಿಗಳ ಕೆಂಪು ಧೂಳು. ಕಂಪ್ಲಿಯವರಾದರೆ ರೈಸ್ ಮಿಲ್ಲಿನ ಹೊಟ್ಟು. ಹಂಪಿ ಕಡೆ ಕಲ್ಲಿನ ಕೆಲಸ ಮಾಡುವವರಿಗೆ ಕಲ್ಲಿನ ಪುಡಿ. ಹೊಸಪೇಟೆಯಲ್ಲಿ ಇದ್ಯಾವುದೂ ಇಲ್ಲದಿದ್ದರೆ ಬೀಡಿ. ಬೀಡಿಯೂ ಇಲ್ಲ ಅಂದರೆ ‘ಹವಾ ಬದಲಾಗೈತಿ’.

ನಮ್ಮ ಮಾಮ ಸಂಡೂರಿನಲ್ಲಿ ಟಿಪ್ಪರ್ ಓಡಿಸುತ್ತಾರೆ. ಒಂದು ಹಬ್ಬಕ್ಕೆ ಮನೆಗೆ ಬಂದಾಗ ಊಟದ ನಡುವೆ ನಾಲ್ಕು ಸಲ ಎದ್ದು ಹೊರಗೆ ಹೋಗಿ ಕೆಮ್ಮಿ ಬಂದರು. “ಎಷ್ಟು ದಿನದಿಂದ ಐತಿ ಮಾಮಾ?” ಅಂದೆ. “ಸಂಡೂರಾಗ ಇದ್ದು ಕೆಮ್ಮಬಾರದು ಅಂದ್ರ ಹೆಂಗವ್ವಾ? ಧೂಳಿನ ಕೆಮ್ಮು, ಬಿಡು” ಅಂದರು. ಆಗ ಅವರಿಗೆ ಕೆಮ್ಮು ಶುರುವಾಗಿ ಮೂರು ತಿಂಗಳಾಗಿತ್ತು. ಒಂದು ಕ್ಲಿನಿಕ್‌ನಲ್ಲಿ ಸಿರಪ್ ಕೊಟ್ಟಿದ್ದರು, ಮೆಡಿಕಲ್ ಶಾಪ್‌ನವರು ಇನ್ನೆರಡು ಬಾಟಲಿ ಕೊಟ್ಟಿದ್ದರು. ಕಫ ಪರೀಕ್ಷೆ ಮಾಡಿಸಿ ಅಂತ ಒಬ್ಬರೂ ಹೇಳಿರಲಿಲ್ಲ. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಆಯಿತು, ಟಿಬಿ ಇತ್ತು. ಅಷ್ಟರಲ್ಲಿ ಅವರು ಒಂಬತ್ತು ಕೆಜಿ ಇಳಿದಿದ್ದರು.

ಇದೇ ಹೊತ್ತಿಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಟಿಬಿ ಬಗ್ಗೆ ಫಾರ್ವರ್ಡ್‌ಗಳು ಬರತೊಡಗಿದವು. ‘ಟಿಬಿ ರೋಗಿಯ ತಟ್ಟೆ ಲೋಟ ಬೇರೆ ಇಡಿ’, ‘ಎರಡು ತಿಂಗಳಲ್ಲಿ ಆರಾಮಾದರೆ ಮಾತ್ರೆ ಬಿಡಿ, ಲಿವರ್ ಹಾಳಾಗುತ್ತದೆ’, ‘ಬೆಳ್ಳುಳ್ಳಿ ಹಾಲಿನಿಂದ ಕ್ಷಯ ಮಾಯ’. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಒಂದೊಂದಾಗಿ ನೋಡೋಣ.

ಜನರಿಗೆ ತಿಳಿವಳಿಕೆ ಇಲ್ಲವೇ?

‘ಜನಕ್ಕೆ ಅರಿವಿಲ್ಲ, ಅದಕ್ಕೇ ಟಿಬಿ ಹೋಗುತ್ತಿಲ್ಲ’ ಎಂಬ ಮಾತು ಬಹಳ ಹಳೆಯದು. ಆದರೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಅಧ್ಯಯನ ಬೇರೆ ಕಥೆ ಹೇಳುತ್ತದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಇದು 1959ರಲ್ಲಿ ಶುರುವಾದದ್ದು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಶ್ವಾಸಕೋಶದ ಟಿಬಿ ಇದ್ದವರನ್ನು ಮಾತಾಡಿಸಿದರು. 1963ರಲ್ಲಿ ಅದರ ವರದಿ ಪ್ರಕಟವಾಯಿತು.

ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ದೇಹದಲ್ಲಿ ಏನೋ ಸರಿಯಿಲ್ಲ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕಾಗಿ ಆಸ್ಪತ್ರೆಗೂ ಹೋಗಿ ಬಂದಿದ್ದರು. ಹೆಚ್ಚಿನವರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ ಮಾತ್ರ.

ಇನ್ನೊಂದು ಕಡೆಯಿಂದಲೂ ನೋಡಬೇಕು. 2019ರಿಂದ 2021ರವರೆಗೆ ಇಡೀ ದೇಶದಲ್ಲಿ ಟಿಬಿ ಸಮೀಕ್ಷೆ ನಡೆಯಿತು. ಟಿಬಿ ಲಕ್ಷಣ ಇದ್ದವರಲ್ಲಿ ಸುಮಾರು 64 ಶೇಕಡಾ ಮಂದಿ ಎಲ್ಲಿಯೂ ತೋರಿಸಿಕೊಂಡಿರಲಿಲ್ಲ. ಅವರು ಕೊಟ್ಟ ಮುಖ್ಯ ಕಾರಣ, ಲಕ್ಷಣಗಳನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂಬುದು.

ಅಂದರೆ ಅರವತ್ತು ವರ್ಷವಾದರೂ ಟಿಬಿ ಎರಡು ಕಡೆ ತಪ್ಪಿಸಿಕೊಳ್ಳುತ್ತಿದೆ. ಮನೆಯಲ್ಲಿ ‘ಧೂಳಿನ ಕೆಮ್ಮು’ ಎಂಬ ಮಾತಿನಲ್ಲಿ, ಹೊರಗೆ ಸಿರಪ್ ಬಾಟಲಿಯಲ್ಲಿ. ಎರಡಕ್ಕೂ ಇರುವ ಮದ್ದು ಒಂದೇ: ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ.

ಟಿಬಿ ಅಂದರೇನು, ಹೇಗೆ ಹರಡುತ್ತದೆ?

ಟಿಬಿ ಅಥವಾ ಕ್ಷಯ ಒಂದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಪಾಪ, ಶಾಪ, ವಂಶದ ದೋಷ ಯಾವುದೂ ಇದಕ್ಕೆ ಕಾರಣವಲ್ಲ. 1882ರ ಮಾರ್ಚ್ 24ರಂದು ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಈ ಬ್ಯಾಕ್ಟೀರಿಯಾವನ್ನು ತೋರಿಸಿದರು. ಅದೇ ದಿನವನ್ನು ನಾವು ಈಗ ವಿಶ್ವ ಕ್ಷಯ ದಿನ ಅಂತ ಆಚರಿಸುತ್ತೇವೆ.

ಶ್ವಾಸಕೋಶದಲ್ಲಿ ಟಿಬಿ ಇರುವವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ಬ್ಯಾಕ್ಟೀರಿಯಾ ಗಾಳಿಗೆ ಸೇರುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಜಾಗದಲ್ಲಿ ಅದು ಗಂಟೆಗಟ್ಟಲೆ ತೇಲಬಲ್ಲದು. ಗಾಳಿ ಬೆಳಕು ಇರುವ ಕಡೆ ಬೇಗ ಚದುರುತ್ತದೆ, ಬಿಸಿಲಿಗೆ ಸಾಯುತ್ತದೆ. ಹಾಗಾಗಿ ಬಯಲಿನಲ್ಲಿ ಒಂದು ನಿಮಿಷ ಎದುರು ನಿಂತು ಮಾತಾಡಿದ್ದಕ್ಕಿಂತ, ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಮಲಗುವುದು, ಕಾರ್ಮಿಕರ ಶೆಡ್‌ನಲ್ಲಿ ಹತ್ತು ಮಂದಿ ಇರುವುದು, ಗಾಜು ಏರಿಸಿದ ಕ್ಯಾಬಿನ್‌ನಲ್ಲಿ ದಿನವೂ ಕೂರುವುದು ಹೆಚ್ಚು ಅಪಾಯ.

ಬ್ಯಾಕ್ಟೀರಿಯಾ ಒಳಗೆ ಹೋದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು 31 ಶೇಕಡಾ ಮಂದಿಯ ದೇಹದಲ್ಲಿ ಟಿಬಿ ಸೋಂಕು ಇದೆ. ಹೆಚ್ಚಿನವರಲ್ಲಿ ಅದು ಬೂದಿ ಮುಚ್ಚಿದ ಕೆಂಡದ ಹಾಗೆ ಸುಮ್ಮನಿರುತ್ತದೆ. ಅವರಿಗೆ ಕೆಮ್ಮೂ ಇರುವುದಿಲ್ಲ, ಅವರಿಂದ ಯಾರಿಗೂ ಹರಡುವುದೂ ಇಲ್ಲ. ಇಂಥ 100 ಜನರಲ್ಲಿ 5ರಿಂದ 10 ಮಂದಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲೋ ಕಾಯಿಲೆ ಆಗುತ್ತದೆ.

ಕೆಂಡ ಯಾವಾಗ ಉರಿಯುತ್ತದೆ? ದೇಹದ ಶಕ್ತಿ ಕುಂದಿದಾಗ. ಹೊಟ್ಟೆಗೆ ಸಾಲದ ಊಟ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಎಚ್‌ಐವಿ, ಬೀಡಿ ಸಿಗರೇಟು, ಹೆಚ್ಚಿನ ಕುಡಿತ ಮುಖ್ಯ ಕಾರಣಗಳು. ನಮ್ಮ ಭಾಗಕ್ಕೆ ಸೇರಿದ ಇನ್ನೊಂದು ಕಾರಣವೂ ಇದೆ.

ಧೂಳಿಗೂ ಟಿಬಿಗೂ ಸಂಬಂಧ ಇದೆಯೇ?

ಇದೆ, ಆದರೆ ನಾವು ಅಂದುಕೊಂಡ ರೀತಿಯಲ್ಲಿ ಅಲ್ಲ. ಧೂಳಿನಿಂದ ಟಿಬಿ ಬರುವುದಿಲ್ಲ, ಬ್ಯಾಕ್ಟೀರಿಯಾ ಇಲ್ಲದೆ ಟಿಬಿ ಇಲ್ಲ. ಆದರೆ ಒಂದು ಬಗೆಯ ಧೂಳು ಟಿಬಿಗೆ ದಾರಿ ಮಾಡಿಕೊಡುತ್ತದೆ.

ಸಂಡೂರಿನ ಬೆಟ್ಟಗಳಲ್ಲಿ ಪಟ್ಟೆ ಪಟ್ಟೆಯ ಕಲ್ಲು ನೋಡಿರುತ್ತೀರಿ. ಅದರಲ್ಲಿ ಒಂದು ಪಟ್ಟೆ ಕಬ್ಬಿಣದ ಅದಿರಿನದು, ಅದರ ಪಕ್ಕದ್ದು ಬೆಣಚು ಕಲ್ಲಿನ ಜಾತಿಯದು. ಬೆಣಚು ಅಂದರೆ ಸಿಲಿಕಾ. ಹಂಪಿಯ ಬಂಡೆಗಳ ಗ್ರಾನೈಟ್‌ನಲ್ಲೂ ಸಿಲಿಕಾ ಇದೆ. ಇಂಥ ಕಲ್ಲನ್ನು ಕೊರೆದಾಗ, ಒಡೆದಾಗ, ಕ್ರಷರ್‌ಗೆ ಹಾಕಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಏಳುತ್ತದೆ. ಬಟ್ಟೆ ಮೇಲೆ ಕೂರುವ ಕೆಂಪು ಧೂಳು ಹೆಚ್ಚಾಗಿ ಮೂಗು, ಗಂಟಲಿನಲ್ಲೇ ನಿಲ್ಲುತ್ತದೆ. ಕಾಣದ ಪುಡಿ ಶ್ವಾಸಕೋಶದ ತಳದವರೆಗೆ ಹೋಗುತ್ತದೆ.

ಅಲ್ಲಿ ನಮ್ಮ ದೇಹದ ಕಾವಲು ಕಣಗಳಿವೆ. ಹೊರಗಿನಿಂದ ಬಂದದ್ದನ್ನು ನುಂಗಿ ಕರಗಿಸುವುದು ಅವುಗಳ ಕೆಲಸ. ಸಿಲಿಕಾವನ್ನು ನುಂಗಿದ ಕಾವಲು ಕಣ ಅದನ್ನು ಕರಗಿಸಲಾಗದೆ ತಾನೇ ಸಾಯುತ್ತದೆ. ವರ್ಷಗಟ್ಟಲೆ ಹೀಗಾದರೆ ಶ್ವಾಸಕೋಶದಲ್ಲಿ ಗಾಯದ ಕಲೆಗಳು ಉಳಿಯುತ್ತವೆ. ಇದೇ ಸಿಲಿಕೋಸಿಸ್. ಟಿಬಿ ಬ್ಯಾಕ್ಟೀರಿಯಾವನ್ನು ತಡೆಯಬೇಕಾದವೂ ಇದೇ ಕಾವಲು ಕಣಗಳು. ಕಾವಲು ಮುರಿದ ಮನೆಗೆ ಕಳ್ಳ ಸುಲಭವಾಗಿ ನುಗ್ಗುತ್ತಾನೆ. ಸಿಲಿಕೋಸಿಸ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು.

ನಮ್ಮ ರಾಜ್ಯಕ್ಕೆ ಈ ಕಾಯಿಲೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1930ರ ದಶಕದಲ್ಲೇ ಸಿಲಿಕೋಸಿಸ್ ದಾಖಲಾಗಿತ್ತು. ಇಂದು ಇದು ಗಣಿ ಮತ್ತು ಕಾರ್ಖಾನೆ ಕಾನೂನುಗಳಡಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ.

ಇನ್ನೊಂದು ತೊಡಕಿದೆ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಮತ್ತು ಟಿಬಿ ಒಂದೇ ತರಹ ಕಾಣಬಹುದು. ಟಿಬಿ ಇಲ್ಲದ ಕಲ್ಲು ಕೆಲಸದವರಿಗೆ ಟಿಬಿ ಮಾತ್ರೆ ಕೊಟ್ಟದ್ದೂ ಇದೆ, ಟಿಬಿ ಇದ್ದವರನ್ನು ‘ಧೂಳು’ ಎಂದು ಕಳಿಸಿದ್ದೂ ಇದೆ. ಆದ್ದರಿಂದ ಡಾಕ್ಟರ ಮುಂದೆ ಕೂತಾಗ ನಿಮ್ಮ ಕೆಲಸ ಏನು, ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ ಅನ್ನುವುದನ್ನು ನೀವಾಗಿಯೇ ಹೇಳಿ. ಹತ್ತು ವರ್ಷದ ಹಿಂದೆ ಬಿಟ್ಟ ಗಣಿ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಮುಖಕ್ಕೆ ಸುತ್ತಿದ ಟವೆಲ್ ಈ ಸಣ್ಣ ಪುಡಿಯನ್ನು ತಡೆಯುವುದಿಲ್ಲ ಎಂಬುದೂ ನೆನಪಿರಲಿ.

ಒಟ್ಟಿನಲ್ಲಿ, ಧೂಳಿನಲ್ಲಿ ದುಡಿಯುವವರು ಕೆಮ್ಮನ್ನು ಧೂಳಿನ ಲೆಕ್ಕಕ್ಕೆ ಹಾಕಿ ಸುಮ್ಮನಿರುವಂತಿಲ್ಲ. ಬೇರೆಯವರಿಗಿಂತ ಅವರೇ ಬೇಗ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಯಾವ ಲಕ್ಷಣ ಕಂಡರೆ ಪರೀಕ್ಷೆ?

- ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ದಿನದ ಕೆಮ್ಮು
- ಸಂಜೆ ಹೊತ್ತಿಗೆ ಬರುವ ಜ್ವರ, ರಾತ್ರಿ ಮೈ ಬೆವರುವುದು
- ಕಾರಣವಿಲ್ಲದೆ ತೂಕ ಇಳಿಯುವುದು, ಹಸಿವಾಗದಿರುವುದು
- ಕಫದಲ್ಲಿ ರಕ್ತ, ಎದೆ ನೋವು

ಎಲ್ಲ ಲಕ್ಷಣಗಳೂ ಇರಬೇಕಿಲ್ಲ, ಒಂದು ಸಾಕು. ಟಿಬಿ ಶ್ವಾಸಕೋಶಕ್ಕೆ ಮಾತ್ರ ಬರುವುದೂ ಅಲ್ಲ. ಕುತ್ತಿಗೆಯಲ್ಲಿ ಕರಗದ ಗಂಟು, ಬೆನ್ನುಮೂಳೆ, ಮೆದುಳು, ಗರ್ಭಕೋಶ ಹೀಗೆ ಎಲ್ಲಿ ಬೇಕಾದರೂ ಬರಬಹುದು. ಶ್ವಾಸಕೋಶದ ಹೊರಗಿನ ಟಿಬಿ ಸಾಮಾನ್ಯವಾಗಿ ಬೇರೆಯವರಿಗೆ ಹರಡುವುದಿಲ್ಲ.

ಯಾವ ಪರೀಕ್ಷೆ ನಂಬಬೇಕು?

ಕಫ ಪರೀಕ್ಷೆ. ಇದರಲ್ಲಿ ಎರಡು ಬಗೆ ಇದೆ. ಹಳೆಯದು, ಕಫವನ್ನು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಇದರಲ್ಲಿ ಕಾಣುತ್ತದೆ. ಹೊಸದು, ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ. ಆಸ್ಪತ್ರೆ ಚೀಟಿಯಲ್ಲಿ ‘ಸಿಬಿನ್ಯಾಟ್’ ಅಥವಾ ‘ಟ್ರೂನ್ಯಾಟ್’ ಅಂತ ಬರೆದಿರುತ್ತಾರೆ. ಕಡಿಮೆ ಬ್ಯಾಕ್ಟೀರಿಯಾ ಇದ್ದರೂ ಇದು ಹಿಡಿಯುತ್ತದೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ಈ ರೋಗಿಗೆ ನಾಟುತ್ತದೋ ಇಲ್ಲವೋ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ಟ್ರೂನ್ಯಾಟ್ ತಂತ್ರಜ್ಞಾನ ನಮ್ಮದೇ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಬ್ಯಾಟರಿಯಲ್ಲಿ ಓಡುವ ಸಣ್ಣ ಯಂತ್ರವಾದ್ದರಿಂದ ಚಿಕ್ಕ ಊರುಗಳಿಗೂ ಹೋಗಬಲ್ಲದು.

ಎಕ್ಸ್‌ರೇ ಕೂಡ ಮುಖ್ಯ. ರಾಷ್ಟ್ರೀಯ ಸಮೀಕ್ಷೆಯಲ್ಲಿ ಬರೀ ಲಕ್ಷಣ ಕೇಳಿ ಬಿಟ್ಟಿದ್ದರೆ, ಸಿಕ್ಕ ರೋಗಿಗಳಲ್ಲಿ 100ಕ್ಕೆ ಸುಮಾರು 43 ಮಂದಿ ಕೈತಪ್ಪುತ್ತಿದ್ದರು. ಅವರನ್ನು ತೋರಿಸಿಕೊಟ್ಟದ್ದು ಎಕ್ಸ್‌ರೇ. ಆದರೆ ಎಕ್ಸ್‌ರೇ ಅನುಮಾನ ಹುಟ್ಟಿಸುತ್ತದೆ ಅಷ್ಟೆ. ಖಚಿತಪಡಿಸಲು ಕಫ ಪರೀಕ್ಷೆಯೇ ಬೇಕು.

ಕಫ ಕೊಡುವಾಗ ಒಂದು ಮಾತು. ಬಾಯಿಯ ಎಂಜಲು ಕೊಟ್ಟರೆ ಪರೀಕ್ಷೆ ವ್ಯರ್ಥ. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದ ಗಟ್ಟಿ ಕಫವನ್ನು ಡಬ್ಬಿಗೆ ಹಾಕಿ. ಇದನ್ನು ಮನೆಯೊಳಗೆ ಮಾಡದೆ ಹೊರಗೆ, ಜನರಿಂದ ದೂರ ಮಾಡಿ.

ಯಾವುದನ್ನು ನಂಬಬಾರದು? ‘ರಕ್ತ ಪರೀಕ್ಷೆಯಲ್ಲಿ ಟಿಬಿ ಪಾಸಿಟಿವ್’ ಎಂಬ ರಿಪೋರ್ಟನ್ನು. ರಕ್ತದಲ್ಲಿ ಪ್ರತಿಕಾಯ ಹುಡುಕಿ ಟಿಬಿ ಹೇಳುವ ಪರೀಕ್ಷೆಗಳು ತಪ್ಪು ಫಲಿತಾಂಶ ಕೊಡುತ್ತಿದ್ದವು ಎಂಬ ಕಾರಣಕ್ಕೆ ಭಾರತ ಸರ್ಕಾರ 2012ರಲ್ಲಿ ಅವನ್ನು ನಿಷೇಧಿಸಿತು. ಇಎಸ್‌ಆರ್ ಹೆಚ್ಚಿದೆ ಎಂದ ಮಾತ್ರಕ್ಕೆ ಟಿಬಿ ಅಲ್ಲ. ತೋಳಿಗೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಸೋಂಕಿನ ಸುಳಿವು ಕೊಡುತ್ತದೆ, ಕಾಯಿಲೆ ಇದೆಯೋ ಇಲ್ಲವೋ ಹೇಳುವುದಿಲ್ಲ.

ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ತಂದ ಆ್ಯಂಟಿಬಯೋಟಿಕ್ ಬಗ್ಗೆಯೂ ಎಚ್ಚರ. ಲಿವೋಫ್ಲಾಕ್ಸಾಸಿನ್‌ನಂಥ ಕೆಲವು ಔಷಧಿಗಳು ಟಿಬಿಯ ಮೇಲೂ ಅರೆಬರೆ ಕೆಲಸ ಮಾಡುತ್ತವೆ. ನಾಲ್ಕು ದಿನ ಆರಾಮ ಅನಿಸುತ್ತದೆ, ಪರೀಕ್ಷೆಯಲ್ಲಿ ಕಾಯಿಲೆ ಸಿಗದೆ ಹೋಗಬಹುದು, ಒಳಗೆ ಅದು ಬೆಳೆಯುತ್ತಲೇ ಇರುತ್ತದೆ.

ಆರು ತಿಂಗಳು ಯಾಕೆ? ಎರಡು ತಿಂಗಳಿಗೆ ಬಿಟ್ಟರೆ ಏನಾಗುತ್ತದೆ?

ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಇವನ್ನೆಲ್ಲ ಒಂದೇ ಮಾತ್ರೆಯಲ್ಲಿ ಸೇರಿಸಿ, ರೋಗಿಯ ತೂಕ ನೋಡಿ ಎಷ್ಟು ಮಾತ್ರೆ ಎಂದು ನಿಗದಿ ಮಾಡುತ್ತಾರೆ. ದಿನವೂ ನುಂಗಬೇಕು.

ಟಿಬಿ ಬ್ಯಾಕ್ಟೀರಿಯಾ ಬಹಳ ನಿಧಾನಿ. ಬೇರೆ ಎಷ್ಟೋ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಎರಡಾದರೆ ಇದಕ್ಕೆ ಹೆಚ್ಚು ಕಡಿಮೆ ಒಂದು ದಿನ ಬೇಕು. ಕೆಲವು ನಿದ್ದೆ ಹೊಡೆಯುತ್ತ ಕೂರುತ್ತವೆ, ಔಷಧಿ ಅವಕ್ಕೆ ತಕ್ಷಣ ನಾಟುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಚುರುಕಾಗಿರುವವು ಸಾಯುತ್ತವೆ, ಕೆಮ್ಮು ಜ್ವರ ನಿಲ್ಲುತ್ತದೆ, ಮೈ ತುಂಬಿಕೊಳ್ಳುತ್ತದೆ. ಮಾತ್ರೆ ಬಿಡುವ ಆಸೆ ಬರುವುದೂ ಆಗಲೇ. ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತದೆ. ಆಗ ಔಷಧಿಗೆ ಬಗ್ಗದ ಟಿಬಿ ಆಗಬಹುದು.

ಔಷಧಿಗೆ ಬಗ್ಗದ ಟಿಬಿಗೂ ಈಗ ಚಿಕಿತ್ಸೆ ಇದೆ. ಮೊದಲು ಒಂದೂವರೆ ಎರಡು ವರ್ಷ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳಬೇಕಿತ್ತು. ಅರ್ಹ ರೋಗಿಗಳಿಗೆ ನಾಲ್ಕು ಔಷಧಿಗಳ, ಸುಮಾರು ಆರು ತಿಂಗಳ ಹೊಸ ಚಿಕಿತ್ಸೆಗೆ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಆ ಹಾದಿಯಲ್ಲಿ ತೊಂದರೆ ಜಾಸ್ತಿ. ಮೊದಲ ಆರು ತಿಂಗಳನ್ನೇ ಪೂರ್ತಿ ಮುಗಿಸುವುದು ಲೇಸು.

ಮಾತ್ರೆಯಿಂದ ಲಿವರ್ ಹಾಳಾಗುತ್ತದೆಯೇ?

ಈ ಫಾರ್ವರ್ಡ್‌ನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಹೆಚ್ಚು ಅಪಾಯಕಾರಿ. ಕೆಲವರಿಗೆ ಈ ಮಾತ್ರೆಗಳಿಂದ ಲಿವರ್‌ಗೆ ತೊಂದರೆ ಆಗುವುದು ನಿಜ. ಕುಡಿತ ಇರುವವರಿಗೆ ಇನ್ನೂ ಹೆಚ್ಚು. ಆದರೆ ಅದಕ್ಕೆ ಪರಿಹಾರ, ನೀವಾಗಿ ಮಾತ್ರೆ ಬಿಡದೆ ಕೂಡಲೇ ಆಸ್ಪತ್ರೆಗೆ ಹೋಗುವುದು. ಡಾಕ್ಟರು ಔಷಧಿ ಬದಲಿಸುತ್ತಾರೆ ಅಥವಾ ಸ್ವಲ್ಪ ದಿನ ನಿಲ್ಲಿಸಿ ಮತ್ತೆ ಶುರು ಮಾಡುತ್ತಾರೆ.

- ಮೂತ್ರ ಕೇಸರಿ ಅಥವಾ ಕೆಂಪು ಬಣ್ಣ: ಹೆದರಬೇಡಿ, ಅದು ರಿಫಾಂಪಿಸಿನ್‌ನ ಬಣ್ಣ.
- ಕಣ್ಣು ಹಳದಿ, ನಿಲ್ಲದ ವಾಂತಿ, ಬಲ ಪಕ್ಕೆಲುಬಿನ ಕೆಳಗೆ ಹೊಟ್ಟೆ ನೋವು: ಅದೇ ದಿನ ಆಸ್ಪತ್ರೆಗೆ ಹೋಗಿ.
- ಕಣ್ಣು ಮಂಜಾಗುವುದು, ಕೆಂಪು ಹಸಿರು ಬಣ್ಣ ಗೊತ್ತಾಗದಿರುವುದು: ತಡ ಮಾಡದೆ ಹೇಳಿ.
- ಕೈಕಾಲು ಜುಮ್ಮೆನ್ನುವುದು: ಹೇಳಿ, ಇದಕ್ಕೆ ವಿಟಮಿನ್ ಮಾತ್ರೆ ಕೊಡುತ್ತಾರೆ.

ಬೆಳ್ಳುಳ್ಳಿ ಹಾಲು, ಅರಿಶಿನ ಹಾಲು ಕುಡಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಅವು ಟಿಬಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಮಾತ್ರೆಯ ಬದಲು ಕುಡಿದರೆ ಹಾನಿ.

ತಟ್ಟೆ ಲೋಟ ಬೇರೆ ಇಡಬೇಕೇ?

ಬೇಡ. ಟಿಬಿ ಹರಡುವುದು ಗಾಳಿಯಿಂದ. ತಟ್ಟೆ, ಲೋಟ, ಬಟ್ಟೆ, ಕೈ ಕುಲುಕುವುದು, ಒಟ್ಟಿಗೆ ಉಣ್ಣುವುದು ಇದಕ್ಕೆ ಕಾರಣವಲ್ಲ. ಪಾತ್ರೆ ಬೇರೆ ಮಾಡಿದರೆ ಬ್ಯಾಕ್ಟೀರಿಯಾಕ್ಕೆ ಏನೂ ಆಗುವುದಿಲ್ಲ, ಮನುಷ್ಯನಿಗೆ ಮಾತ್ರ ನೋವಾಗುತ್ತದೆ. ನಮ್ಮ ಮಾಮ ಮೊದಲ ವಾರ ಯಾರೂ ಹೇಳದೆಯೇ ತಟ್ಟೆ ಹಿಡಿದು ಹಿತ್ತಲಿಗೆ ಹೋಗಿ ಕೂತಿದ್ದರು. ಅತ್ತೆ ಹೋಗಿ ಕರೆದುಕೊಂಡು ಬಂದರು.

ಒಂದು ಕಾಲದಲ್ಲಿ ಕ್ಷಯ ಅಂದರೆ ಊರಾಚೆಯ ಸ್ಯಾನಿಟೋರಿಯಂ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ ಇದೆ, ಬಳ್ಳಾರಿಯ ವೆಲ್ಲೆಸ್ಲಿ ಕ್ಷಯ ಆಸ್ಪತ್ರೆಯ ಹೆಸರು ನಮ್ಮ ಹಿರಿಯರಿಗೆ ಗೊತ್ತು. ಆದರೆ 1956ರಲ್ಲಿ ಮದ್ರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಅರ್ಧ ರೋಗಿಗಳಿಗೆ ಸ್ಯಾನಿಟೋರಿಯಂನಲ್ಲಿ, ಇನ್ನರ್ಧ ರೋಗಿಗಳಿಗೆ ಅವರ ಬಡ, ಇಕ್ಕಟ್ಟಾದ ಮನೆಗಳಲ್ಲೇ ಅದೇ ಔಷಧಿ ಕೊಟ್ಟರು. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ ರೀತಿ ಗುಣವಾಗಿದ್ದವು. ಮನೆಯಲ್ಲಿದ್ದ ರೋಗಿಗಳ ಕುಟುಂಬದವರಿಗೆ ಅದರಿಂದ ಹೆಚ್ಚಿನ ಟಿಬಿ ಬಂದಿರಲಿಲ್ಲ. ಜಗತ್ತು ಟಿಬಿಗೆ ಮನೆಯಲ್ಲೇ ಚಿಕಿತ್ಸೆ ಕೊಡಲು ಧೈರ್ಯ ಮಾಡಿದ್ದು ಇದರಿಂದ.

ಸರಿಯಾದ ಔಷಧಿ ಶುರುವಾದ ಎರಡು ಮೂರು ವಾರಗಳಲ್ಲಿ ಹರಡುವ ಸಾಧ್ಯತೆ ಬಹಳ ಇಳಿಯುತ್ತದೆ. ಅಲ್ಲಿಯವರೆಗೆ ಮಾಸ್ಕ್ ಹಾಕಿ, ಕೆಮ್ಮುವಾಗ ಬಾಯಿ ಮುಚ್ಚಿ, ಕಿಟಕಿ ತೆರೆದಿಡಿ, ಸಾಧ್ಯವಾದರೆ ಗಾಳಿ ಆಡುವ ಕಡೆ ಬೇರೆ ಮಲಗಿ.

ಊಟವೂ ಔಷಧಿಯೇ

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತವರ ತಂಡ ಜಾರ್ಖಂಡ್‌ನಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿತು. ಟಿಬಿ ರೋಗಿಗಳ ಮನೆಯ 10 ಸಾವಿರಕ್ಕೂ ಹೆಚ್ಚು ಸದಸ್ಯರು ಅದರಲ್ಲಿದ್ದರು. ರೋಗಿಗಳಿಗೆಲ್ಲ ಆಹಾರ ಕೊಟ್ಟರು. ಒಂದು ಗುಂಪಿನಲ್ಲಿ ಮಾತ್ರ ಮನೆಯವರಿಗೂ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಮನೆಗಳವರಿಗೆ ಹೊಸದಾಗಿ ಟಿಬಿ ಬರುವುದು 39 ಶೇಕಡಾ ಕಡಿಮೆಯಾಗಿತ್ತು. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರ ಸಾವು ಬಹಳ ಕಡಿಮೆ ಇತ್ತು.

ದುಬಾರಿ ಪೌಡರ್ ಡಬ್ಬಿ ಬೇಕಿಲ್ಲ. ಜೋಳದ ರೊಟ್ಟಿ, ಅನ್ನ ಬೇಳೆ, ಮೊಳಕೆ ಕಾಳು, ಶೇಂಗಾ, ಮೊಟ್ಟೆ, ಹಾಲು ಸಾಕು. ‘ಟಿಬಿಗೆ ಮೊಟ್ಟೆ ಉಷ್ಣ, ಮೊಸರು ಶೀತ’ ಅಂತ ಊಟ ಕಡಿಮೆ ಮಾಡಬೇಡಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ.

ಖರ್ಚು, ಹಣ, ಊರು ಬದಲಾದರೆ?

ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆ ಮತ್ತು ಔಷಧಿ ಎರಡೂ ಉಚಿತ. ಖಾಸಗಿ ಡಾಕ್ಟರ ಬಳಿ ಟಿಬಿ ಪತ್ತೆಯಾದರೂ ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ದಾಖಲಾದವರಿಗೆ ‘ನಿಕ್ಷಯ್’ ಸಂಖ್ಯೆ ಸಿಗುತ್ತದೆ. ಊಟದ ಖರ್ಚಿಗೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಗಿದೆ.

ನಮ್ಮ ಕಡೆಯವರು ಈ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೊಸಪೇಟೆ, ಹಂಪಿ 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಮನೆ ಒಂದು ಜಿಲ್ಲೆ, ದುಡಿಮೆ ಇನ್ನೊಂದು ಜಿಲ್ಲೆ ಆಗಿರುವವರು ಬಹಳ. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳೂ ಇವೆ. ಊರು ಬಿಡುವ ಮೊದಲು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿದರೆ ಅದೇ ಸಂಖ್ಯೆಯ ಮೇಲೆ ಹೋದ ಊರಿನಲ್ಲೂ ಮಾತ್ರೆ ಸಿಗುತ್ತದೆ. ಗುಳೆ ಹೋದರೆ ಮಾತ್ರೆ ನಿಲ್ಲಬೇಕಿಲ್ಲ.

ಒಬ್ಬರಿಗೆ ಟಿಬಿ ಬಂದರೆ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಮುಖ್ಯವಾಗಿ ಸಣ್ಣ ಮಕ್ಕಳು. ಕಾಯಿಲೆ ಇಲ್ಲದವರಿಗೂ ಮುಂದೆ ಬಾರದಂತೆ ತಡೆಯುವ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆ ಮಕ್ಕಳಿಗೆ ಮೆದುಳಿನ ಟಿಬಿಯಂಥ ತೀವ್ರ ರೂಪಗಳಿಂದ ರಕ್ಷಣೆ ಕೊಡುತ್ತದೆ. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ತಡೆಯಲು ಅದೊಂದೇ ಸಾಲದು.

ಹೆಣ್ಣುಮಕ್ಕಳ ಟಿಬಿ ಮುಚ್ಚಿಡುವುದು

ಮದುವೆ ವಯಸ್ಸಿನ ಹುಡುಗಿಗೆ ಟಿಬಿ ಬಂದರೆ ಮನೆಯವರು ಮೊದಲು ಹುಡುಕುವುದು ಪರಿಚಯದವರು ಕಾಣದ ದೂರದ ಆಸ್ಪತ್ರೆ. ದೂರವಾದಷ್ಟೂ ಮಾತ್ರೆ ತಪ್ಪುತ್ತದೆ. ಟಿಬಿ ವಂಶಪಾರಂಪರ್ಯವಾಗಿ ಬರುವುದಿಲ್ಲ. ಒಂದೇ ಮನೆಯ ಇಬ್ಬರಿಗೆ ಬಂದರೆ ಅದು ಒಂದೇ ಗಾಳಿ ಉಸಿರಾಡಿದ್ದರಿಂದ. ಚಿಕಿತ್ಸೆ ಮುಗಿಸಿ ಗುಣವಾದವರು ಬೇರೆ ಯಾರ ಹಾಗೆಯೇ ಮದುವೆಯಾಗಿ ಮಕ್ಕಳನ್ನು ಪಡೆಯಬಹುದು. ಚಿಕಿತ್ಸೆ ಮುಗಿದ ಮೇಲೂ ಎರಡು ವರ್ಷ ಆರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸಿಕೊಂಡರೆ ಸಾಕು.

2023ರಲ್ಲಿ ಜಗತ್ತಿನಲ್ಲಿ ಸುಮಾರು 12.5 ಲಕ್ಷ ಜನ ಟಿಬಿಯಿಂದ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆ ವರ್ಷ ಕಾಯಿಲೆ ಬಿದ್ದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಭಾರತದವರು. ಇದು ಮದ್ದಿಲ್ಲದ ಕಾಯಿಲೆಯಲ್ಲ. ಪರೀಕ್ಷೆ ಇದೆ, ಮಾತ್ರೆ ಇದೆ, ಎರಡೂ ಉಚಿತ ಇವೆ.

ನಮ್ಮ ಮಾಮ ಆರು ತಿಂಗಳು ಮುಗಿಸಿದರು. ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಈಗ ಅವರ ಜೊತೆಯ ಡ್ರೈವರ್‌ಗಳು ಕೆಮ್ಮಿದರೆ ಅವರೇ ಕೇಳುತ್ತಾರಂತೆ: “ಎಷ್ಟು ದಿನ ಆತಪಾ? ಕಫ ತೋರ್ಸೀಯೇನು?”

ನಿಮ್ಮ ಗ್ರೂಪಿಗೆ ಕಳಿಸುವುದಾದರೆ ಇಷ್ಟನ್ನು ಕಳಿಸಿ:

*ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಧೂಳಿನಲ್ಲಿ ಕೆಲಸ ಮಾಡುವವರು ತಪ್ಪದೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಉಚಿತ. ಆರಾಮಾದರೂ ಡಾಕ್ಟರು ಹೇಳುವವರೆಗೆ ಮಾತ್ರೆ ಬಿಡಬೇಡಿ. ತಟ್ಟೆ ಲೋಟ ಬೇರೆ ಮಾಡಬೇಡಿ, ಕಿಟಕಿ ತೆರೆಯಿರಿ. ಮಾಹಿತಿಗೆ ನಿಕ್ಷಯ್ ಸಹಾಯವಾಣಿ: 1800-11-6666.*